ಎರಡನೆಯ ಡಿಕಾಕ್ಷನ್

ನಿನ್ನೆಯ ಪ್ರವಚನದಲ್ಲಿ ದಾನದ ವಿಷಯ ಎತ್ತಿಕೊಂಡಿದ್ದೆವು. ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು, ಎಲ್ಲ ಹೇಳಿಯಾಯಿತು. ಮುಗಿದ ಮೇಲೆ ಒಬ್ಬ ತಾಯಿ ಹತ್ತಿರ ಬಂದು ಕೇಳಿದರು: ಕೊಡುವುದೇನೋ ಸರಿ, ಮೊದಲು ಕೊಡಬೇಕೋ, ನಾವು ಉಂಡು ಮಿಕ್ಕ ಮೇಲೆ ಕೊಡಬೇಕೋ? ನಾಳೆ ಹೇಳುತ್ತೇನೆ ತಾಯಿ ಅಂತ ಕಳಿಸಿದೆ. ಮನೆಗೆ ಹೋದ ಮೇಲೆ ಒಂದು ಕಥೆ ನೆನಪಾಯಿತು. ಇವತ್ತು ಅದನ್ನೇ ಹೇಳಿಬಿಡುತ್ತೇನೆ. ಪುರಾಣದ ಕಥೆಯಲ್ಲ, ಕಾಫಿಯ ಕಥೆ. ನೋಡಿ, ಕಾಫಿ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು.

ನನ್ನ ಪಕ್ಕದಲ್ಲೂ ಒಂದು ಬೆಳ್ಳಿ ಲೋಟ ಇಟ್ಟಿದ್ದಾರೆ. ತಟ್ಟೆ ಮುಚ್ಚಿದ್ದಾರೆ. ಒಳಗೆ ಘಮಘಮ ಕಾಫಿ ಇದೆ. ಅದನ್ನು ನಾನಿನ್ನೂ ಮುಟ್ಟಿಲ್ಲ. ಆರಿಹೋಗುತ್ತದೆ ಅಂತ ನೀವು ಚಡಪಡಿಸಬೇಡಿ, ಅದರ ವಿಚಾರ ಕೊನೆಗೆ ಬರುತ್ತದೆ.

ನಮ್ಮ ಕಡೆಯದೇ ಒಂದು ಪಟ್ಟಣ ಅಂತಿಟ್ಟುಕೊಳ್ಳಿ. ಅಲ್ಲೊಬ್ಬ ಶ್ರೀಮಂತ. ಹೆಸರು ಬೇಡ, ಹೆಸರು ಹೇಳಿದರೆ ನೀವು ಆ ಹೆಸರಿನವರು ಯಾರಿದ್ದಾರೆ ಅಂತ ಸಭೆಯಲ್ಲಿ ಹುಡುಕಲು ಶುರು ಮಾಡುತ್ತೀರಿ. ಅವನಿಗೆ ಎಣ್ಣೆ ಗಿರಣಿ ಇತ್ತು. ಕಡಲೆಕಾಯಿ, ಕೊಬ್ಬರಿ, ಹುಚ್ಚೆಳ್ಳು, ಏನು ತಂದು ಸುರಿದರೂ ಒತ್ತಿ ಹಿಂಡಿ ಎಣ್ಣೆ ತೆಗೆಯುತ್ತಿದ್ದ. ಒತ್ತಿದಷ್ಟೂ ಬರುತ್ತದೆ ಎನ್ನುವುದು ಅವನ ನಂಬಿಕೆ. ಕಾಳಿನ ವಿಷಯದಲ್ಲಿ ಮಾತ್ರವಲ್ಲ, ಆಳುಗಳ ವಿಷಯದಲ್ಲೂ ಅದೇ ನಂಬಿಕೆ.

ಕೆಟ್ಟವನೇ? ಅಲ್ಲ, ದಾನಿ. ಊರಿನ ದೇವಸ್ಥಾನಕ್ಕೆ ಫ್ಯಾನು ಕೊಟ್ಟಿದ್ದ, ಫ್ಯಾನಿನ ಮೂರು ರೆಕ್ಕೆಯ ಮೇಲೂ ಅವನ ಹೆಸರು. ತಿರುಗುವಾಗ ಓದಲಾಗುವುದಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಗೋಡೆಯ ಮೇಲೂ ಬರೆಸಿದ. ನಗಬೇಡಿ. ಈ ಸಭಾಂಗಣದ ಗೋಡೆಯನ್ನೂ ಒಮ್ಮೆ ನೋಡಿಕೊಂಡು ಆಮೇಲೆ ನಗಿ.

ಮಕ್ಕಳಿರಲಿಲ್ಲ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮುಸುರೆ ತಿಕ್ಕಿ ಮನೆ ಗುಡಿಸಲು ಪುಟ್ಟತಾಯಮ್ಮ ಎಂಬ ಹೆಂಗಸು ಬೆಳಗ್ಗೆ ಬಂದು ಹೋಗುತ್ತಿದ್ದಳು. ಅಡುಗೆಮನೆ ಮಾತ್ರ ಹೆಂಡತಿಯದೇ. ದಿನಾ ಐದು ಗಂಟೆಗೆ ಅಲ್ಲಿ ಹಿತ್ತಾಳೆ ಫಿಲ್ಟರಿನ ಮುಚ್ಚಳ ಟಣ್ ಅನ್ನುವುದು, ಐದೂವರೆಗೆ ಶ್ರೀಮಂತನ ಕೈಗೆ ದೊಡ್ಡ ಲೋಟದಲ್ಲಿ ಕಾಫಿ ಬರುವುದು, ಆರೂವರೆಗೆ ಇನ್ನೊಂದು ಲೋಟ. ಎಂಥ ಕಾಫಿ ಅಂತೀರಿ, ಗಟ್ಟಿ ಡಿಕಾಕ್ಷನ್, ಗಟ್ಟಿ ಹಾಲು, ಮೇಲೆ ನೊರೆ. ಮೂವತ್ತನಾಲ್ಕು ವರ್ಷ ಒಂದು ದಿನ ತಪ್ಪಿದ್ದಿಲ್ಲ. ಮೂವತ್ತನಾಲ್ಕು ವರ್ಷ ಅವನು ಒಂದು ದಿನ ಚೆನ್ನಾಗಿದೆ ಅಂದದ್ದೂ ಇಲ್ಲ.

ಹೀಗಿರುವಾಗ ಹೆಂಡತಿಗೆ ಜ್ವರ ಬಂತು. ಅಂಥಿಂಥ ಜ್ವರವಲ್ಲ, ಇಪ್ಪತ್ತೊಂದು ದಿನ ಸುಟ್ಟ ಜ್ವರ. ಡಾಕ್ಟರು ಒಳ್ಳೆಯವರು, ಜ್ವರ ಇಳಿಯಿತು. ಆದರೆ ಜ್ವರ ಹೋಗುವಾಗ ಆಕೆಯ ಬಾಯಿರುಚಿಯನ್ನೂ ಕಿತ್ತುಕೊಂಡು ಹೋಗಿತ್ತು. ಪುಟ್ಟತಾಯಮ್ಮ ಗಂಜಿ ಕಾಯಿಸಿ ಕೊಟ್ಟರೆ ಒಂದು ಚಮಚ, ಎಳನೀರು ಕೊಟ್ಟರೆ ಒಂದು ಗುಟುಕು, ಅಷ್ಟೇ. ಹೇಗಿದೆ ಅಂದರೆ ಚೆನ್ನಾಗಿದೆ ಅನ್ನುವುದು, ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗುವುದು. ಕೈಯ ಬಳೆಗಳು ಮೊಣಕೈವರೆಗೆ ಜಾರುವಷ್ಟು ಇಳಿದುಹೋಗಿದ್ದಳು.

ಬುಧವಾರ ಡಾಕ್ಟರು ಶ್ರೀಮಂತನನ್ನು ಹೊರಗೆ ಕರೆದು ಹೇಳಿದರು. ಜ್ವರ ಹೋಗಿದೆ, ಔಷಧಿಯಿಂದ ಆಗುವುದೆಲ್ಲ ಆಗಿದೆ. ಇನ್ನು ಹೊಟ್ಟೆಗೆ ಏನಾದರೂ ಇಳಿಯಬೇಕು. ಭಾನುವಾರದವರೆಗೆ ನೋಡೋಣ, ಆಗಲೂ ಹೀಗೇ ಇದ್ದರೆ ದೊಡ್ಡಾಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ಕೊಳವೆ ಹಾಕಬೇಕಾಗುತ್ತದೆ, ಈ ನಿತ್ರಾಣದಲ್ಲಿ ಅದನ್ನು ತಡೆದುಕೊಳ್ಳುತ್ತಾರೋ ಇಲ್ಲವೋ ಹೇಳಲಾರೆ ಅಂದರು. ಬಾಯಿ ಬಿಟ್ಟು ಏನು ಕೇಳಿದರೂ ಕೊಡಿ ಅಂದರು.

ಶ್ರೀಮಂತ ಒಳಗೆ ಬಂದು ಮಂಚದ ಪಕ್ಕ ಕೂತು, ನಿನಗೆ ಏನು ಬೇಕು ಅಂತ ಕೇಳಿದ. ಮದುವೆಯಾದ ಮೇಲೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲಿರಬೇಕು, ಆಕೆ ಗೋಡೆಯ ಕಡೆಯಿಂದ ಇತ್ತ ತಿರುಗಿದಳು. ಆಮೇಲೆ ಹೇಳಿದಳು.

"ಒಂದ್ ಲೋಟ ಕಾಫಿ ಕುಡೀಬೇಕು ಅನ್ಸುತ್ತೆ ರೀ."

ಅವನಿಗೆ ಹೋದ ಜೀವ ಬಂದ ಹಾಗಾಯಿತು. ಕಾಫಿ ತಾನೇ? ಈ ಊರಿನಲ್ಲಿ ಕಾಫಿಗೇನು ಬರವೇ? ಗುರುವಾರ ಬೆಳಗ್ಗೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಕಾಫಿ ಬಂತು. ಆ ಹೋಟೆಲಿನ ಕಾಫಿಗೆ ಪಕ್ಕದ ತಾಲ್ಲೂಕಿನಿಂದ ಜನ ಬರುತ್ತಾರೆ. ಆಕೆ ಒಂದು ಗುಟುಕು ಕುಡಿದಳು, ಚೆನ್ನಾಗಿದೆ ಅಂದಳು, ಲೋಟ ಕೆಳಗಿಟ್ಟಳು.

ಶುಕ್ರವಾರ ಮೈಸೂರಿನಿಂದ ಕಾರಿನಲ್ಲಿ ಒಂದು ಮೆಷಿನ್ನು ಬಂತು. ಗುಂಡಿ ಒತ್ತಿದರೆ ತಾನೇ ಬೀಜ ಪುಡಿ ಮಾಡಿ, ತಾನೇ ನೀರು ಕಾಯಿಸಿ, ತಾನೇ ಬಸಿದು ಕೊಡುವಂಥದ್ದು. ಒತ್ತುವುದು ಅಂದರೆ ನಮ್ಮವನಿಗೆ ಇಷ್ಟ ತಾನೇ, ನಾಲ್ಕು ಸಲ ಒತ್ತಿದ, ನಾಲ್ಕು ಲೋಟ ಬಂತು. ಆಕೆ ಒಂದು ಗುಟುಕು ಕುಡಿದಳು. ಚೆನ್ನಾಗಿದೆ ಅಂದಳು.

ನೋಡಿ, ಈ ಚೆನ್ನಾಗಿದೆ ಎನ್ನುವ ಮಾತಿದೆಯಲ್ಲ, ಅದು ಅವನ ಎದೆಗೆ ಈಟಿಯ ಹಾಗೆ ನಾಟುತ್ತಿತ್ತು. ಮೂವತ್ತನಾಲ್ಕು ವರ್ಷ ಆಕೆ ಆ ಮಾತಿಗೆ ಕಾದಿದ್ದಳು, ಅವನು ಹೇಳಿರಲಿಲ್ಲ. ಈಗ ಆಕೆಯೇ ಹೇಳುತ್ತಿದ್ದಾಳೆ, ಹೇಳಿದಾಗಲೆಲ್ಲ ತುಂಬಿದ ಲೋಟ ತುಂಬಿದ ಹಾಗೇ ಉಳಿಯುತ್ತಿದೆ. ಇವನು ಕಣ್ಣಲ್ಲಿ ನೀರು ತಂದುಕೊಂಡು, ಚೆನ್ನಾಗಿದ್ದರೆ ಯಾಕೆ ಕುಡಿಯುವುದಿಲ್ಲ ಅಂತ ಗೋಗರೆದ. ಆಗ ಆಕೆ ಸಣ್ಣ ದನಿಯಲ್ಲಿ, ಇದು ಬೇರೆಯವರ ಮನೆಯದು, ನಮ್ಮ ಮನೆಯ ಕಾಫಿ ಬೇಕು ಅಂದಳು.

ನಮ್ಮ ಮನೆಯ ಕಾಫಿ. ಅದನ್ನು ಕೊಂಡು ತರಲು ಯಾವ ಅಂಗಡಿಗೆ ಹೋಗಬೇಕು, ಹೇಳಿ?

ಶನಿವಾರ ಐದು ಗಂಟೆಗೆ ಶ್ರೀಮಂತ ಎದ್ದ. ಸ್ನಾನ ಮಾಡಿ, ಪಂಚೆ ಎತ್ತಿ ಕಟ್ಟಿ, ಅಡುಗೆಮನೆಗೆ ನುಗ್ಗಿದ. ಕಾಫಿಪುಡಿಯ ಡಬ್ಬಿ ಎಲ್ಲಿದೆ ಗೊತ್ತಿಲ್ಲ. ಉಪ್ಪು, ಸಾಸಿವೆ, ರವೆ, ಸೀಗೆಪುಡಿ, ಎಲ್ಲ ಸಿಕ್ಕಿತು. ಸೀಗೆಪುಡಿಯನ್ನು ಮೂಸಿ ನೋಡಿ ಆಮೇಲೆ ಬಿಟ್ಟ, ದೇವರು ದೊಡ್ಡವನು. ಕೊನೆಗೆ ಪುಡಿ ಸಿಕ್ಕಿತು, ಫಿಲ್ಟರೂ ಸಿಕ್ಕಿತು.

ನಿಮಗೆಲ್ಲ ಗೊತ್ತು, ಆದರೂ ಗಂಡಸರಿಗಾಗಿ ಹೇಳುತ್ತೇನೆ. ಫಿಲ್ಟರು ಅಂದರೆ ಒಂದರ ಮೇಲೊಂದು ಕೂರುವ ಎರಡು ಪಾತ್ರೆ. ಮೇಲಿನದರ ತಳದಲ್ಲಿ ಸಣ್ಣ ಸಣ್ಣ ತೂತು. ಅದರಲ್ಲಿ ಪುಡಿ ಹಾಕಿ, ಮೇಲೆ ಹಿಡಿಯಿರುವ ಬಿಲ್ಲೆಯನ್ನು ಹಗುರಾಗಿ ಇಟ್ಟು, ಕುದಿಯುವ ನೀರು ಹೊಯ್ದು ಮುಚ್ಚಳ ಮುಚ್ಚುವುದು. ಡಿಕಾಕ್ಷನ್ನು ತೊಟ್ಟುತೊಟ್ಟಾಗಿ ಕೆಳಗಿಳಿಯುತ್ತದೆ. ನಾವು ಮಾಡಬೇಕಾದದ್ದು ಒಂದೇ, ಕಾಯುವುದು.

ನಮ್ಮ ಗಿರಣಿ ಯಜಮಾನ ಏನು ಮಾಡಿದ? ಪುಡಿಯನ್ನು ತುಂಬಿ, ಬಿಲ್ಲೆ ಇಟ್ಟು, ಹೆಬ್ಬೆರಳಲ್ಲಿ ಒತ್ತಿದ. ಸಾಲದು ಅಂತ ಅಂಗೈಯಲ್ಲಿ ಒತ್ತಿದ. ಹೆಂಡತಿಯ ಪ್ರಾಣದ ಪ್ರಶ್ನೆ, ಗಟ್ಟಿಯಾಗಿ ಬರಲಿ ಅಂತ ಇಡೀ ಮೈಭಾರ ಬಿಟ್ಟು ಒತ್ತಿದ. ನೀರು ಹೊಯ್ದ. ಕಿವಿಗೊಟ್ಟು ಕೇಳಿದ. ಒಂದು ತೊಟ್ಟೂ ಇಲ್ಲ. ಫಿಲ್ಟರನ್ನು ಬಡಿದ, ಅಲುಗಾಡಿಸಿದ. ಇನ್ನೂ ಒತ್ತಿದ. ಬಿಸಿನೀರು ಉಕ್ಕಿ ಬೆರಳು ಸುಟ್ಟಿತು, ಕೆಳಗಿನ ಪಾತ್ರೆ ಮಾತ್ರ ಒಣಗಿದ್ದು ಒಣಗಿದ್ದೇ. ಬೆಳಗಾಗಿ ಕಿಟಕಿಯಲ್ಲಿ ಬಿಸಿಲು ಬಂತು. ಭಾನುವಾರಕ್ಕೆ ಇನ್ನು ಒಂದೇ ದಿನ. ಅವನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ.

ಆಗ ಪುಟ್ಟತಾಯಮ್ಮ ಕೆಲಸಕ್ಕೆ ಬಂದಳು. ಯಜಮಾನರು ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತದ್ದನ್ನು ಕಂಡು ಅವಳಿಗೆ ನಗು ಬಂತೋ ಅಳು ಬಂತೋ. ಫಿಲ್ಟರು ತೆಗೆದು ನೋಡಿದಳು. ಪುಡಿ ಇಟ್ಟಿಗೆಯ ಹಾಗೆ ಕೂತಿತ್ತು. ಅವಳು ಅದನ್ನು ಕೊಡವಿ, ಹೊಸ ಪುಡಿ ಸಡಿಲವಾಗಿ ಹಾಕಿ, ಬೆರಳ ತುದಿಯಲ್ಲಿ ಸವರಿ ಸಮ ಮಾಡಿ, ಬಿಲ್ಲೆ ಸುಮ್ಮನೆ ಕೂರಿಸಿದಳು.

"ಕಾಫಿಪುಡೀನ ಒತ್ತಬಾರ್ದು ಯಜಮಾನ್ರೇ. ಅದರ ಪಾಡಿಗೆ ಅದನ್ನ ಬಿಟ್ರೆ ತಾನೇ ಬಿಟ್ಕೊಡುತ್ತೆ."

ಬಿಟ್ಟುಕೊಟ್ಟಿತು. ಟಪ್ ಅಂತ ಒಂದು ತೊಟ್ಟು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹತ್ತು ಸಾವಿರ ಟಿನ್ನು ಎಣ್ಣೆ ಕಂಡ ಮನುಷ್ಯ ಆ ತೊಟ್ಟುಗಳನ್ನು ಕಣ್ಣು ಮಿಟುಕಿಸದೆ ನೋಡಿದ. ಗಟ್ಟಿ ಡಿಕಾಕ್ಷನ್ನಿಗೆ ಗಟ್ಟಿ ಹಾಲು ಬೆರೆಸಿ, ತಾನು ದಿನಾ ಕುಡಿಯುವ ದೊಡ್ಡ ಲೋಟದಲ್ಲೇ ನೊರೆಯೆಬ್ಬಿಸಿ, ತಾನೇ ಎತ್ತಿಕೊಂಡು ಹೋದ. ಇದು ನಮ್ಮ ಮನೆಯ ಪುಡಿ, ನಮ್ಮ ಮನೆಯ ಫಿಲ್ಟರು, ನಮ್ಮ ಮನೆಯ ಹಾಲು. ಇನ್ನೇನು ಬೇಕು?

ಆಕೆ ಒಂದು ಗುಟುಕು ಕುಡಿದಳು. ಈ ಸಲ ಚೆನ್ನಾಗಿದೆ ಅನ್ನಲಿಲ್ಲ. ಗಂಡ ಮೊದಲ ಸಲ ಮಾಡಿ ತಂದಿದ್ದಾನೆ, ಬೇಡ ಅನ್ನಲು ಮನಸ್ಸಿಲ್ಲ, ಇನ್ನೊಂದು ಗುಟುಕು ಕುಡಿಯಲು ನೋಡಿದಳು, ಆಗಲಿಲ್ಲ. ಮುಖ ಸಿಂಡರಿಸಿಕೊಂಡು ಲೋಟವನ್ನು ಅವನ ಕೈಗೇ ಕೊಟ್ಟಳು.

"ಇದು ನಿಮ್ಮ ಕಾಫಿ ಅಲ್ವೇನ್ರೀ."

ಅಷ್ಟೇ ಹೇಳಿ ಗೋಡೆಯ ಕಡೆ ತಿರುಗಿದಳು.

ನಿಮ್ಮ ಕಾಫಿ ಅಂದರೆ? ಒಂದೇ ಮನೆಯಲ್ಲಿ ಎರಡು ಕಾಫಿ ಇರುತ್ತದೆಯೇ? ಶ್ರೀಮಂತ ಲೋಟ ಹಿಡಿದುಕೊಂಡು ಹಜಾರದಲ್ಲಿ ನಿಂತ. ಹೆಂಡತಿ ಕಾಫಿ ಕುಡಿಯುವುದನ್ನು ತಾನು ಯಾವತ್ತು ನೋಡಿದ್ದೇನೆ ಅಂತ ಯೋಚಿಸಿದ. ಆಕೆ ತಂದುಕೊಟ್ಟದ್ದು ನೆನಪಾಯಿತು, ಖಾಲಿ ಲೋಟ ತೆಗೆದುಕೊಂಡು ಹೋದದ್ದು ನೆನಪಾಯಿತು. ಕುಡಿದದ್ದು ಒಂದು ದಿನವೂ ನೆನಪಾಗಲಿಲ್ಲ. ಮೂವತ್ತನಾಲ್ಕು ವರ್ಷ ಒಂದೇ ಸೂರಿನ ಕೆಳಗಿದ್ದೂ ಅವನಿಗೆ ಹೆಂಡತಿ ಕುಡಿಯುವ ಕಾಫಿಯ ಬಣ್ಣ ಗೊತ್ತಿರಲಿಲ್ಲ.

ಹಿತ್ತಲಿಗೆ ಹೋಗಿ ಪುಟ್ಟತಾಯಮ್ಮನನ್ನು ಕೇಳಿದ. ಅವಳು ಪಾತ್ರೆ ತಿಕ್ಕುತ್ತಾ ತಲೆ ತಗ್ಗಿಸಿದಳು. ಹೇಳಬಾರದು ಅಂತ ಅಮ್ಮನವರು ಆಣೆ ಹಾಕಿಸಿಕೊಂಡಿದ್ದಾರೆ ಅಂದಳು. ಪಾಪ, ಇವಳು ಮೂರು ದಿನದಿಂದ ಹೋಟೆಲು ಫ್ಲಾಸ್ಕು ಬಂದದ್ದನ್ನೂ ಮೆಷಿನ್ನು ಬಂದದ್ದನ್ನೂ ನೋಡುತ್ತಲೇ ಇದ್ದಳು, ದೊಡ್ಡವರು ಯಾರೂ ಕೇಳಲಿಲ್ಲ, ಇವಳಾಗಿ ಹೇಳಲಿಲ್ಲ. ಶ್ರೀಮಂತ ಕೈಮುಗಿದ. ನಿಜವಾಗಿ ಕೈಮುಗಿದ. ಅವಳು ಗಾಬರಿಯಾಗಿ ಹೇಳಿಬಿಟ್ಟಳು.

"ಅಮ್ಮೋರು ಕುಡಿಯೋದು ಎರಡ್ನೇದು ಯಜಮಾನ್ರೇ. ಮೊದಲ್ನೇದೆಲ್ಲ ನಿಮ್ಮ ಎರಡು ಲೋಟಕ್ಕೇ ಆಗೋಗುತ್ತಲ್ಲ. ಅದೇ ಚರಟಕ್ಕೆ ಇನ್ನೊಂದ್ ಸಲ ಬಿಸ್ನೀರು ಹುಯ್ದು, ಇಳಿದಿದ್ದಕ್ಕೆ ಚೂರು ಬೆಲ್ಲ, ಚೂರು ಹಾಲು ಹಾಕ್ಕೊಂಡು, ನಾನೂ ಅವರೂ ಈ ಮೆಟ್ಟಿಲ ಮೇಲೆ ಕೂತು ಕುಡೀತಿದ್ವಿ. ನಿಮಗೆ ಗೊತ್ತಾದ್ರೆ, ಶ್ರೀಮಂತರ ಹೆಂಡ್ತಿ ಚರಟದ ನೀರು ಕುಡೀತಾಳೆ ಅಂತ ಅವಮಾನ ಆಗುತ್ತೆ, ಹೇಳ್ಬೇಡ ಅಂದಿದ್ರು."

ಈಗ ನೀವು ಕೇಳಬಹುದು, ಅಷ್ಟು ದುಡ್ಡಿರುವ ಮನೆಯಲ್ಲಿ ಇನ್ನೆರಡು ಚಮಚ ಪುಡಿ ಹಾಕಲು ಏನು ಕಷ್ಟ? ಏನೂ ಕಷ್ಟವಿಲ್ಲ. ಆಕೆ ಮದುವೆಯಾಗಿ ಬಂದಾಗ ಅದು ಹದಿಮೂರು ಜನರ ಮನೆ. ಮೊದಲನೆಯದು ಗಂಡಸರಿಗೆ ಮತ್ತು ನೆಂಟರಿಗೆ, ಎರಡನೆಯದು ಹೆಂಗಸರಿಗೆ ಅಂತ ಅತ್ತೆ ಹೇಳಿಕೊಟ್ಟದ್ದು. ಅತ್ತೆ ಹೋದರು, ಹದಿಮೂರು ಜನ ಇಬ್ಬರಾದರು, ದುಡ್ಡು ಬಂತು. ಎರಡನೆಯದು ಮಾತ್ರ ಹೋಗಲಿಲ್ಲ. ಬಿಡು ಅಂತ ಹೇಳಬೇಕಾದವನಿಗೆ ಅದು ಇರುವುದೇ ಗೊತ್ತಿರಲಿಲ್ಲ.

ಶ್ರೀಮಂತನ ಮನಸ್ಸಿಗೆ ಅವತ್ತು ಏನಾಯಿತು ಅಂತ ನಾನು ಹೇಳಬೇಕಾಗಿಲ್ಲ. ದೇವಸ್ಥಾನದ ಫ್ಯಾನು ನೆನಪಾಯಿತು ಅವನಿಗೆ. ಊರಿಗೆಲ್ಲ ಗಾಳಿ ಕೊಟ್ಟವನು ಮನೆಯವಳಿಗೆ ಚರಟ ಉಳಿಸಿದ್ದೆನಲ್ಲ ಅಂತ ನಾಚಿಕೆಯಾಯಿತು. ಜೊತೆಗೆ, ಇದನ್ನು ಮರೆಯಬೇಡಿ, ಸಣ್ಣ ಸಮಾಧಾನವೂ ಆಯಿತು. ಯಾಕೆಂದರೆ ಆಕೆ ಕೇಳಿದ ಕಾಫಿ ಯಾವುದು ಅಂತ ಕೊನೆಗೂ ಗೊತ್ತಾಗಿತ್ತು.

ಭಾನುವಾರ ಬೆಳಗ್ಗೆ ಅವನೇ ಪುಡಿ ಹಾಕಿದ, ಒತ್ತಲಿಲ್ಲ. ನೀರು ಹೊಯ್ದು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತ. ಮೊದಲನೆಯದು ಇಳಿಯಿತು, ಎತ್ತಿ ಪಕ್ಕಕ್ಕಿಟ್ಟ. ಚರಟದ ಮೇಲೆ ಎರಡನೆಯ ಸಲ ಬಿಸಿನೀರು ಹೊಯ್ದ. ಇಳಿದದ್ದಕ್ಕೆ ಬೆಲ್ಲ ಹಾಕಿದ, ಹಾಲು ಬೆರೆಸಿದ. ಹೆಂಡತಿಗೆ ಶಾಲು ಹೊದಿಸಿ, ಭುಜ ಹಿಡಿದು ನಿಧಾನವಾಗಿ ನಡೆಸಿಕೊಂಡು ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿದ. ಕೆಳಗಿನ ಮೆಟ್ಟಿಲಲ್ಲಿ ಪುಟ್ಟತಾಯಮ್ಮ. ಮೂರು ಸಣ್ಣ ಲೋಟ. ಯಜಮಾನ ಮೆಟ್ಟಿಲ ಮೇಲೆ ಕೂತದ್ದನ್ನು ಕಂಡು ಆಕೆಗೆ ಅರ್ಥವಾಗಿಹೋಯಿತು. ಪುಟ್ಟತಾಯಮ್ಮನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಲೋಟದ ಹಬೆಗೆ ಮುಖ ಒಡ್ಡಿದಳು.

ಒಂದು ಗುಟುಕು ಕುಡಿದಳು. ಇಬ್ಬರೂ ಆ ಲೋಟವನ್ನೇ ನೋಡುತ್ತಿದ್ದಾರೆ. ಕೆಳಗಿಡುತ್ತಾಳೆಯೇ? ಇಡಲಿಲ್ಲ. ಇನ್ನೊಂದು ಗುಟುಕು, ಮತ್ತೊಂದು. ಲೋಟ ಮೇಲೆ ಮೇಲೆ ಏರಿತು, ತಳ ಕಾಣಿಸಿತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಗಂಡನ ಕಡೆ ತಿರುಗಿದಳು.

"ಬೆಲ್ಲ ಕಮ್ಮಿಯಾಯ್ತು. ಇನ್ನೊಂಚೂರು ಇದೆಯೇನ್ರೀ?"

ಅಯ್ಯಾ, ಇಪ್ಪತ್ತೈದು ದಿನದ ಮೇಲೆ ಆಕೆ ಇನ್ನೊಂಚೂರು ಅಂದಿದ್ದಳು. ಕಮ್ಮಿಯಾಯಿತು ಅಂತ ದೂರಿದ್ದಳು. ಶ್ರೀಮಂತ ಅಡುಗೆಮನೆಗೆ ಓಡಿದ, ಬೆಲ್ಲದ ಡಬ್ಬಿ ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತ. ಎದೆಯ ಮೇಲಿನ ಕಲ್ಲು ಇಳಿದಾಗ ಬರುವ ಅಳು ಅದು. ಮಧ್ಯಾಹ್ನ ಆಕೆ ಒಂದು ಬಟ್ಟಲು ಗಂಜಿ ಕುಡಿದಳು. ಸಂಜೆ ಡಾಕ್ಟರು ಬಂದು ನಾಡಿ ಹಿಡಿದು ನೋಡಿ, ದೊಡ್ಡಾಸ್ಪತ್ರೆಗೆ ಬರೆದು ತಂದಿದ್ದ ಚೀಟಿಯನ್ನು ಹರಿದು ಹಾಕಿದರು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಶ್ರೀಮಂತನೂ ಮೆಟ್ಟಿಲ ಮೇಲೆ ಕೂತು ಒಂದು ಲೋಟ ಕುಡಿದಿದ್ದನಲ್ಲ. ನೀರು ನೀರು. ಕಾಫಿಯ ನೆನಪು ಮಾತ್ರ ಇತ್ತು ಅದರಲ್ಲಿ. ಇದಕ್ಕೆ ಈಕೆಯ ನಾಲಿಗೆ ಒಗ್ಗಿಹೋಗಿದೆ, ಒಗ್ಗಿಸಿದವನು ನಾನು ಅಂತ ಅವನಿಗೆ ಅನ್ನಿಸಿತ್ತು. ಒಂದು ವಾರ ಆಕೆಗೆ ಬೇಕಾದದ್ದನ್ನೇ ಮಾಡಿಕೊಟ್ಟ. ಎಂಟನೆಯ ದಿನ ಮೊದಲನೆಯದನ್ನೂ ಎರಡನೆಯದನ್ನೂ ಒಂದೇ ಪಾತ್ರೆಗೆ ಸುರಿದ. ಬೆಲ್ಲ ಹಾಕಿ, ಹಾಲು ಬೆರೆಸಿ, ಮೂರು ಲೋಟಕ್ಕೆ ಸಮನಾಗಿ ಹೊಯ್ದು ಮೆಟ್ಟಿಲಿಗೆ ತಂದ. ಆಕೆ ಕುಡಿದು, ಲೋಟದೊಳಕ್ಕೆ ಬಗ್ಗಿ ನೋಡಿದಳು.

"ಇದ್ಯಾವುದು ರೀ? ನಿಮ್ಮದೂ ಅಲ್ಲ, ನನ್ನದೂ ಅಲ್ಲ."

"ನಮ್ಮನೇದು ಕಣೇ," ಅಂದ ಶ್ರೀಮಂತ.

ಆಕೆ ಲೋಟ ಖಾಲಿ ಮಾಡಿದಳು. ಶ್ರೀಮಂತ ತನ್ನ ಲೋಟವನ್ನು ಕುಡಿದು, ಕೆಳಗಿಟ್ಟು, ತುಂಬಾ ಚೆನ್ನಾಗಿದೆ ಅಂದ. ತಾನೇ ಮಾಡಿದ ಕಾಫಿಯನ್ನು ತಾನೇ ಹೊಗಳಿಕೊಂಡದ್ದಕ್ಕೆ ಇಬ್ಬರು ಹೆಂಗಸರೂ ನಕ್ಕರು. ಅವನು ಹೊಗಳಿದ್ದು ಯಾವ ಕಾಫಿಯನ್ನು, ಎಷ್ಟು ವರ್ಷದ ಕಾಫಿಯನ್ನು ಅಂತ ಆಕೆಗೆ ಮಾತ್ರ ಗೊತ್ತಾಯಿತು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಇಷ್ಟು ಹೊತ್ತು ಆ ಶ್ರೀಮಂತನನ್ನು ನೋಡಿ ನಕ್ಕಿರಿ. ನಿಮ್ಮ ಮನೆಯಲ್ಲಿ ಎರಡನೆಯದು ಯಾರು ಕುಡಿಯುತ್ತಾರೆ? ಹೇಳಿ ನೋಡೋಣ. ಗೊತ್ತಿಲ್ಲ ಅಲ್ಲವೇ? ಗೊತ್ತಿಲ್ಲ ಅಂದರೆ ಮೊದಲನೆಯದು ಕುಡಿಯುತ್ತಿರುವವರು ನೀವೇ. ಕಾಫಿ ಕುಡಿಯದವರು ನನಗೇನು ಅಂತ ಮೀಸೆ ತಿರುವಬೇಡಿ. ಬಿಸಿ ದೋಸೆ ಯಾರ ತಟ್ಟೆಗೆ, ಕಾವಲಿ ಆರಿದ ಮೇಲಿನ ದೋಸೆ ಯಾರ ತಟ್ಟೆಗೆ? ಹೊರಗಿನವರಿಗೆ ನಗುಮುಖದ ಮಾತು, ಮನೆಯವರಿಗೆ ದಣಿದು ಬಂದ ಮೇಲೆ ಉಳಿದ ಮಾತು. ಅದೂ ಚರಟದ ನೀರೇ ತಾನೇ?

ಆ ತಾಯಿ ನಿನ್ನೆ ಕೇಳಿದ ಪ್ರಶ್ನೆಗೆ ಇದೇ ನನ್ನ ಉತ್ತರ. ಮಿಕ್ಕಿದ್ದನ್ನು ಕೊಟ್ಟರೆ ಅದು ಪಾತ್ರೆ ಖಾಲಿ ಮಾಡಿದ ಹಾಗೆ, ಕೊಟ್ಟ ಹಾಗಲ್ಲ. ನಾಳೆ ಬೆಳಗ್ಗೆ ಏನು ಮಾಡಬೇಕು ಅಂತ ಬಿಡಿಸಿಯೇ ಹೇಳುತ್ತೇನೆ. ನಿಮಗೆ ದಿನಾ ಕಾಫಿ ಕೊಡುವವರಿಗಿಂತ ಅರ್ಧ ಗಂಟೆ ಮೊದಲು ಏಳಿ. ಪುಡಿಯ ಡಬ್ಬಿ ಎಲ್ಲಿದೆ ಅಂತ ಅವರನ್ನು ಎಬ್ಬಿಸಿ ಕೇಳಬೇಡಿ, ಹುಡುಕಿ. ಸೀಗೆಪುಡಿಯನ್ನು ಮೂಸಿ ನೋಡಿ ಬಿಡಿ. ಪುಡಿಯನ್ನು ಒತ್ತಬೇಡಿ, ಮನೆಯವರನ್ನೂ ಒತ್ತಬೇಡಿ, ಬಿಟ್ಟರೆ ತಾನೇ ಬಿಟ್ಟುಕೊಡುತ್ತದೆ. ತೊಟ್ಟು ಬೀಳುವವರೆಗೆ ಫೋನು ನೋಡದೆ ಪಕ್ಕದಲ್ಲಿ ಕೂರಿ. ಮೊದಲನೆಯದನ್ನೂ ಎರಡನೆಯದನ್ನೂ ಒಂದು ಮಾಡಿ ಎಲ್ಲರಿಗೂ ಸಮನಾಗಿ ಹೊಯ್ಯಿರಿ. ನಿಮ್ಮ ಮನೆಯ ಪಾತ್ರೆ ತೊಳೆಯುವವರಿಗೂ ಅದೇ ಲೋಟ, ಅದೇ ಕಾಫಿ. ಕುಡಿಯುವಾಗ ಅವರ ಜೊತೆ ಕೂತು ಕುಡಿಯಿರಿ. ಅವರು ಬೆಲ್ಲ ಕಮ್ಮಿ ಅಂದರೆ ಸಿಟ್ಟಾಗಬೇಡಿ. ದೂರುವಷ್ಟು ಸಲಿಗೆ ಮನೆಯಲ್ಲಿ ಇನ್ನೂ ಉಳಿದಿದೆ ಅಂತ ನೆಮ್ಮದಿಯಾಗಿ ಬೆಲ್ಲ ತನ್ನಿ.

ಇನ್ನು ಈ ಬೆಳ್ಳಿ ಲೋಟ. ಏಳು ದಿನದಿಂದ ನನಗೆ ಮೊದಲನೆಯ ಡಿಕಾಕ್ಷನ್ನೇ ಬರುತ್ತಿದೆ. ಹಿಂದಿನ ಶೆಡ್ಡಿನಲ್ಲಿ ನಾಲ್ಕು ಗಂಟೆಯಿಂದ ಒಲೆ ಮುಂದೆ ನಿಂತು ನಮ್ಮೆಲ್ಲರಿಗೆ ಉಪ್ಪಿಟ್ಟು ಮಾಡುತ್ತಿರುವ ಆರು ಜನ ತಾಯಂದಿರು ಏನು ಕುಡಿದರು ಅಂತ ನಾನು ಇವತ್ತಿನವರೆಗೆ ಕೇಳಿರಲಿಲ್ಲ. ಇವತ್ತು ಬರುವಾಗ ಒಳಗೆ ಹೋಗಿ ಕೇಳಿದೆ. ಅವರು ನಕ್ಕು ಒಲೆಯ ಕಡೆ ತಿರುಗಿದರು. ನನಗೆ ಗೊತ್ತಾಯಿತು.

ಈಗ ಈ ಲೋಟವನ್ನು ಅವರಿಗೆ ಕಳಿಸೋಣವೇ? ಬೇಡ. ಆರಿಹೋಗಿದೆ. ಆರಿದ್ದನ್ನು ಕಳಿಸಿದರೆ ಅದೂ ಎರಡನೆಯದೇ ಆಯಿತು. ಇದನ್ನು ನಾನೇ ಕುಡಿಯುತ್ತೇನೆ, ನನಗೆ ಬೇಕಾದ ಶಿಕ್ಷೆ ಇದು. ನೀವು ಯಾರೂ ಉಪ್ಪಿಟ್ಟಿನ ಸಾಲಿಗೆ ಓಡಬೇಡಿ. ಮುಂದಿನ ಸಾಲಿನ ಯಜಮಾನರು ನಾಲ್ಕು ಜನ ಎದ್ದು ನನ್ನ ಜೊತೆ ಶೆಡ್ಡಿಗೆ ಬನ್ನಿ. ಹೊಸ ಪುಡಿ ಹಾಕಿ ಬಂದಿದ್ದೇನೆ, ಇಷ್ಟು ಹೊತ್ತಿಗೆ ಇಳಿದಿರುತ್ತದೆ. ಆ ಆರು ಜನ ಕೂತು ಕುಡಿಯಲಿ, ನಾವು ನಿಂತು ಕೊಡೋಣ. ಅವರು ಇನ್ನೊಂಚೂರು ಇದೆಯಾ ಅಂತ ಕೇಳಿದ ಮೇಲೆ ನಮ್ಮ ಲೋಟಕ್ಕೆ ಕೈ ಹಾಕೋಣ.